ಮೂರು ಪಾತ್ರೆ ತೊಗರಿಬೇಳೆ

ಕುಕ್ಕರಿನ ಮೂಗಿನಿಂದ ಹಳದಿ ನೊರೆ ಉಕ್ಕಿ, ಒಲೆಯ ಮೇಲೆ ಬಿದ್ದು, ಕರಕಲಾಗುವ ವಾಸನೆ ನಿಮಗೂ ಗೊತ್ತಿರುತ್ತದೆ. ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ ನಾನು ಅಡುಗೆಮನೆಯಲ್ಲಿರಲಿಲ್ಲ. ಹೊರಗಿನ ಕೋಣೆಯಲ್ಲಿ ಕುಳಿತು, ಪುಣೆಗೆ ಬರಲಾರೆನೆಂದು ನನ್ನ ಕಂಪನಿಗೆ ಬರೆಯಬೇಕಾದ ಪತ್ರದ ಮೂರನೆಯ ಕರಡನ್ನು ತಿದ್ದುತ್ತಿದ್ದೆ. ಅಲ್ಲಿಯ ಪರೀಕ್ಷಾಲಯಕ್ಕೆ ಮುಖ್ಯಸ್ಥೆಯಾಗಿ ಬರುತ್ತೀರಾ, ಇಲ್ಲ ಮೈಸೂರಿನಲ್ಲೇ ಇರುತ್ತೀರಾ, ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಇಲ್ಲೇ ಇರುವುದೆಂದು ನಾನು ನಿರ್ಧರಿಸಿಯಾಗಿತ್ತು. ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆಯುವುದು, ಆ ಕಾರಣಗಳು ಯಾವುವೆಂದು ನನಗೇ ಹೊಳೆಯದೆ ಹೊಡೆದುಹಾಕುವುದು, ಇಷ್ಟೇ ನಡೆದಿತ್ತು.

ಎದ್ದು ಹೋಗಿ ಕುಕ್ಕರ್ ತೆಗೆದು ನೋಡಿದೆ. ಐದು ಸೀಟಿ ಆಗಿದ್ದರೂ ಬೇಳೆ ಬೆಂದಿರಲಿಲ್ಲ. ಒಂದೊಂದು ಕಾಳೂ ತನ್ನ ಸ್ವಾಭಿಮಾನವನ್ನು ಕಾಪಾಡಿಕೊಂಡು ತಳದಲ್ಲಿ ಕುಳಿತಿತ್ತು.

“ಏನವಾ, ನಿಮ್ಮ ಮೈಸೂರ ನೀರಿನ್ಯಾಗ ಬ್ಯಾಳಿ ಬೇಯವಲ್ದೇನ?” ಎಂದು ಹೊರಗಿನಿಂದ ಕಾಕಾ ಕೇಳಿದರು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಇಲ್ಲೊಂದು ಮದುವೆಗೆಂದು ಬೈಲಹೊಂಗಲದಿಂದ ಬಂದವರು ಮೂರು ದಿನದಿಂದ ನನ್ನ ಮನೆಯಲ್ಲಿದ್ದಾರೆ.

“ಈ ಬ್ಯಾಸಿಗ್ಯಾಗ ಟ್ಯಾಂಕರ್ ನೀರು ತರಸಾಕತ್ತಾರ ಕಾಕಾ. ಅದಕ್ಕ ಹಿಂಗ.”

“ನೀರಿನ ವಿಷಯ ನನ್ನ ಮುಂದ ಹೇಳಬ್ಯಾಡ,” ಎಂದು ಅವರು ನಗತೊಡಗಿದರು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಬೇಯದ ಬೇಳೆಗೆ ಅಷ್ಟು ನಗು ಹೆಚ್ಚಾಯಿತೆಂದು ನನಗೆ ಆಗಲೇ ಅನಿಸಿತು.

ಆ ನಗು ನಿಮಗೆ ಅರ್ಥವಾಗಬೇಕಾದರೆ ಹನ್ನೊಂದು ವರ್ಷ ಹಿಂದೆ ಹೋಗಬೇಕು. ಹೋಗುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನನಗೆ ಡೈರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ಆ ಡೈರಿಯನ್ನೂ ನಂಬಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಮುನವಳ್ಳಿಯವಳು. ಮಲಪ್ರಭೆಯ ನೀರು ಕುಡಿದು ಬೆಳೆದವಳು. ಬೈಲಹೊಂಗಲದ ನಮ್ಮ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲ ಬಾವಿಯ ಗಡಸು ನೀರಿನಲ್ಲಿ ಬೇಳೆಗಿಟ್ಟು, ಮಧ್ಯಾಹ್ನದ ತನಕ ಒಲೆ ಊದಿ, ಕಣ್ಣು ಕೆಂಪು ಮಾಡಿಕೊಂಡಳಂತೆ. ಬೇಳೆ ಮಾತ್ರ ಬೇಯಲಿಲ್ಲ. ಅತ್ತೆ ಬಂದು ನೋಡಿ, “ತವರಮನ್ಯಾಗ ಬ್ಯಾಳಿ ಕುದಸೂದೂ ಕಲಿಸಿಲ್ಲೇನ?” ಎಂದಳಂತೆ. ಆ ಒಂದು ಮಾತು ಅರವತ್ತು ವರ್ಷ ಆಯಿಯ ಹೊಟ್ಟೆಯಲ್ಲಿ ಬೇಯದೆ ಉಳಿಯಿತು.

ಮನೆಯ ಯಾವ ಹುಡುಗಿಗೆ ಸಂಬಂಧ ಬಂದರೂ ಗಂಡಸರು ಹೊಲ ಎಷ್ಟು, ನೌಕರಿ ಎಂಥದು ಎಂದು ಕೇಳಿದರೆ ಆಯಿ ಕೇಳುತ್ತಿದ್ದುದು ಒಂದೇ: “ಮನಿ ನೀರು ಹೆಂಗದಾವು?” ಹೇಳಿದರೆ ಸಾಲದು. ಆ ಮನೆಯ ನೀರನ್ನೇ ಒಂದು ಡಬ್ಬಿಯಲ್ಲಿ ತರಿಸಿ, ಒಲೆಯ ಮೇಲಿಟ್ಟು, ಬೇಳೆ ಬೇಯಿಸಿ ನೋಡುತ್ತಿದ್ದಳು. ರಾಮದುರ್ಗದ ಸಂಬಂಧ ಅರ್ಧ ತಾಸಿನಲ್ಲಿ ಬೆಂದಿತು. ನನ್ನ ದೊಡ್ಡ ಸೋದರತ್ತೆ ಇವತ್ತಿಗೂ ಅಲ್ಲಿ ಸುಖವಾಗಿದ್ದಾಳೆ. ಯರಗಟ್ಟಿಯ ಒಂದು ಸಂಬಂಧ ಎರಡು ತಾಸಾದರೂ ಬೇಯಲಿಲ್ಲ. ಹುಡುಗ ಒಳ್ಳೆಯವನೇ, ಪಾಪ, ಅವರ ಮನೆಯ ಬೋರು ಕೈಕೊಟ್ಟಿತು. ಅವನು ಬೇರೆ ಕಡೆ ಮದುವೆಯಾಗಿ, ಮನೆಗೆ ಹೊಳೆ ನೀರಿನ ನಳ ಹಾಕಿಸಿಕೊಂಡ ಸುದ್ದಿ ಬಂದಾಗ ಆಯಿ ಹೇಳಿದ್ದು ಇಷ್ಟೇ: “ಮದಲ ಹಾಕಿಸಬೇಕಿತ್ತು.”

ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಿ ಬಂದವಳು ನಾನು. ಇದನ್ನೆಲ್ಲ ಕೇಳಿ ಮುಸಿಮುಸಿ ನಗುವುದು ನನ್ನ ಪದವಿಯ ಭಾಗವೇ ಎಂದು ತಿಳಿದುಕೊಂಡಿದ್ದೆ.

ಆಗ ನಾನು ಬೈಲಹೊಂಗಲದಲ್ಲೇ ಒಂದು ಬೀಜದ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಕೆಲಸಕ್ಕಿದ್ದೆ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿಟ್ಟು, ಸುರುಳಿ ಸುತ್ತಿ, ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತವೆಂದು ಎಣಿಸುವ ಕೆಲಸ. ಬೀಜಕ್ಕೆ ಏನು ಬೇಕೆಂದು ಯಾರೂ ಕೇಳುವುದಿಲ್ಲ. ನೀರು ಕೊಟ್ಟು ಕಾದರೆ ತಾನೇ ತೋರಿಸುತ್ತದೆ. ಈ ಮಾತನ್ನು ದಿನವೂ ಕಣ್ಣಾರೆ ಕಂಡವಳಿಗೆ ಅದು ಮನುಷ್ಯರಿಗೂ ಹೊಂದುತ್ತದೆ ಎಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಇರಲಿ. ಕಂಪನಿಯವರು ಬೈಲಹೊಂಗಲದ ಕೋಣೆಗೆ ಬೀಗ ಹಾಕಿ, ಪುಣೆಗಾದರೂ ಹೋಗಿ ಮೈಸೂರಿಗಾದರೂ ಹೋಗಿ, ಎರಡು ವಾರದಲ್ಲಿ ತಿಳಿಸಿ ಎಂದರು.

ಕಿತ್ತೂರಿಗೆ ಹೋಗಿ ಹೆದ್ದಾರಿಯಲ್ಲಿ ನಿಂತರೆ ವಿಷಯ ಬಹಳ ಸರಳ. ರಸ್ತೆಯ ಒಂದು ಬದಿಗೆ ಪುಣೆಯ ಬಸ್ಸು, ದಾಟಿ ನಿಂತರೆ ಮೈಸೂರಿನ ಕಡೆಯ ಬಸ್ಸು. ಅಷ್ಟಗಲದ ರಸ್ತೆಯನ್ನು ದಾಟಲು ನಮ್ಮ ಮನೆಗೆ ಹತ್ತು ದಿನ ಹಿಡಿಯಿತು.

ಅವ್ವನಿಗೆ ಪುಣೆಯೇ ಆಗಬೇಕು. ಅಲ್ಲಿ ಅವಳ ತಂಗಿ, ನನ್ನ ಮಾವಶಿ, ಇದ್ದಳು. “ಮಾವಶಿ ಮನಿ ಐತಿ, ಊಟದ ಚಿಂತಿಲ್ಲ, ಅಕೀ ಕಣ್ಣಮುಂದ ಇರತಿ,” ಎಂದಳು. ಮೊದಲ ಎರಡು ಕಾರಣ ಕೇಳಿ ನಾನು ತಲೆಯಾಡಿಸಿದ್ದೆ. ಮೂರನೆಯದು ಕೇಳಿದಾಗ ಒಳಗೆ ಏನೋ ಗಟ್ಟಿಯಾಯಿತು.

“ಮೈಸೂರಾಗ ಏನೈತಿ? ಮಂದಿ ಬಾಳ ಮೆತ್ತಗ ಮಾತಾಡತಾರಂತ. ಬೈದರೂ ನಮಗ ತಿಳಿಯೂದಿಲ್ಲ,” ಎಂದು ಅವ್ವ.

“ಪುಣೆದಾಗ ಬೈದದ್ದು ಛಲೋತಂಗ ತಿಳೀತೈತಿ ನೋಡು ವೈನಿ,” ಎಂದು ಕಾಕಾ ತಮ್ಮ ಅತ್ತಿಗೆಗೆ. “ದಾರಿ ಕೇಳಿದ್ರ, ಹೆಂಗ ಕೇಳಬೇಕು ಅಂತ ಮದಲ ಕಲಿಸತಾರ.”

ಅಪ್ಪನನ್ನು ಕೇಳಿದರೆ, “ನಿಮ್ಮವ್ವನ್ನ ಕೇಳು,” ಎಂದು ಪೇಪರು ಮಡಿಚಿ ಬೇರೆ ಕೋಣೆಗೆ ಹೋದರು.

ನನಗೆ ಬೇಕಾಗಿದ್ದದ್ದು ಮೈಸೂರು. ಕಾರಣ ಹೇಳಿದರೆ ನೀವು ನಗುತ್ತೀರಿ. ಕಾಲೇಜಿನ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ ಒಂದು ಮಧ್ಯಾಹ್ನ ಯಾವುದೋ ಬೀದಿಯ ಕಲ್ಲುಬೆಂಚಿನ ಮೇಲೆ ಒಬ್ಬಳೇ ಎರಡು ತಾಸು ಕುಳಿತಿದ್ದೆ. ಯಾರೂ ಬಂದು “ಯಾರ ಮಗಳವಾ ನೀ?” ಎಂದು ಕೇಳಲಿಲ್ಲ. ಇದೇ ಕಾರಣ. ನಮ್ಮೂರಿನಲ್ಲಿ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಏಳು ಜನ ಈ ಪ್ರಶ್ನೆ ಕೇಳುತ್ತಿದ್ದರು. ಅವರಲ್ಲಿ ಆರು ಜನಕ್ಕೆ ಉತ್ತರ ಗೊತ್ತಿರುತ್ತಿತ್ತು. ಇಪ್ಪತ್ತಾರು ವರ್ಷ ನಾನು ಅವರ ಮಗಳು, ಇವರ ಮೊಮ್ಮಗಳು ಆಗಿದ್ದೆ. ಸ್ವಲ್ಪ ದಿನ ಯಾರೂ ಅಲ್ಲದವಳಾಗಿ ನೋಡಬೇಕಿತ್ತು. (ಅದು ಕಲ್ಲುಬೆಂಚೋ, ಯಾರದೋ ಮನೆಯ ಮೆಟ್ಟಿಲೋ ಈಗ ಖಚಿತವಿಲ್ಲ. ಆ ದಿನದ ಡೈರಿಯಲ್ಲಿ ಚಪ್ಪಲಿ ಕಿತ್ತುಹೋದ ಸಂಗತಿಯಷ್ಟೇ ಇದೆ. ಹಾಗಾದರೆ ಎರಡು ತಾಸು ಕುಳಿತಿದ್ದು ಸ್ವಾತಂತ್ರ್ಯಕ್ಕಲ್ಲ, ಚಪ್ಪಲಿ ಇಲ್ಲದ್ದಕ್ಕೆ ಎಂಬ ಅನುಮಾನವೂ ಇದೆ.)

ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಹೇಗೆ ಹೇಳಿದರೂ ಅವ್ವನ ಕಿವಿಗೆ ‘ನಿನ್ನಿಂದ ದೂರ ಹೋಗಬೇಕು’ ಎಂದೇ ಬೀಳುತ್ತಿತ್ತು. ಹಾಗಾಗಿ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: “ನನಗ ಯಾವದಾದರೂ ನಡೀತೈತಿ.” ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಸಭ್ಯವಾದದ್ದು ಇನ್ನೊಂದಿಲ್ಲ.

ಹತ್ತನೆಯ ದಿನ ಆಯಿ, ಎಲೆಗೆ ಸುಣ್ಣ ಹಚ್ಚುತ್ತಾ, “ಎರಡೂ ಊರಿನ ನೀರು ತರ್ರಿ,” ಎಂದಳು.

ನಾನು ನಗಬೇಕಾಗಿತ್ತು. ನಗುವ ಬದಲು ತಿದ್ದುಪಡಿ ಸೂಚಿಸಿದೆ. ಒಂದೇ ಚೀಲದ ಬೇಳೆಯಾಗಬೇಕು, ಮೂರೂ ಪಾತ್ರೆ ಒಂದೇ ಅಳತೆಯವಾಗಬೇಕು, ಒಂದೇ ಉರಿ, ಕುಕ್ಕರ್ ಕೂಡದು ಎಂದೆಲ್ಲ ಹೇಳಿದೆ.

“ಮೂರ ಯಾಕ? ಊರು ಎರಡ ಅದಾವಲ್ಲ?” ಎಂದಳು ಆಯಿ.

“ಒಂದರಾಗ ನಮ್ಮ ನೀರು ಇಡಬೇಕು ಆಯಿ, ಹೋಲಿಸಾಕ.”

“ಅರವತ್ತ ವರ್ಷದಿಂದ ಹೋಲಸಾಕತ್ತೇನಿ. ನನ್ನ ಕೇಳು, ಹೇಳತೇನಿ.”

ನೀರು ತರುವ ಕೆಲಸ ಕಾಕಾಗೆ ಬಿತ್ತು. ಹತ್ತಿ ದಲಾಲಿಯ ಕೆಲಸಕ್ಕೆ ಅವರು ಹೇಗೂ ಪುಣೆಯ ಕಡೆ ಹೊರಟಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ನನ್ನ ಗೆಳತಿಯೊಬ್ಬಳು ಅಲ್ಲಿಯ ನೀರನ್ನು ಬೆಳಗಾವಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುವುದು, ಕಾಕಾ ಪುಣೆಯಿಂದ ಮರಳುವಾಗ ಕಿತ್ತೂರಿನಲ್ಲಿ ಅದನ್ನು ಇಳಿಸಿಕೊಂಡು ಎರಡೂ ಬಾಟಲಿ ತರುವುದು ಎಂದಾಯಿತು. ನಾನು ಪರೀಕ್ಷಾ ಕೋಣೆಯಿಂದ ಅಂಟುಚೀಟಿ ತಂದು, ‘ಪುಣೆ’ ಎಂದೊಂದು, ‘ಮೈಸೂರು’ ಎಂದೊಂದು ಬರೆದು, “ಅದಲು ಬದಲು ಮಾಡಬ್ಯಾಡ್ರಿ ಕಾಕಾ,” ಎಂದು ಮೂರು ಸಲ ಹೇಳಿ ಕೊಟ್ಟೆ.

ರವಿವಾರ ಮುಂಜಾನೆ ಕಾಕಾ ಎರಡು ಬಾಟಲಿ ಹಿಡಿದು ಬಂದರು. ಚೀಟಿ ಒಂದಿಷ್ಟೂ ಸೊಟ್ಟಾಗಿರಲಿಲ್ಲ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು, ಆಯಿಯೂ ಹಿಂದೆ ಹೋದಳು, ಇಬ್ಬರೂ ಬರುವುದು ಸ್ವಲ್ಪ ತಡವಾಯಿತು. ಆಮೇಲೆ ಆಯಿ ತನ್ನ ಕೈಯಿಂದಲೇ ಮೂರು ಪಾತ್ರೆಗೆ ಬೇಳೆ ಹಾಕಿ, ನೀರು ಹೊಯ್ದು, ಒಲೆ ಹೊತ್ತಿಸಿ, “ನಾ ಪೂಜಿ ಮುಗಿಸಿ ಬರತೇನಿ. ಯಾರೂ ಮುಟ್ಟಬ್ಯಾಡ್ರಿ,” ಎಂದು ಹೊರಟಳು. ಒಲೆಯ ಮೇಲೆ ಬೇಳೆ ಇದ್ದಾಗ ಆಯಿ ಅಡುಗೆಮನೆ ಬಿಟ್ಟು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಪಂಡಿತೆಯಾದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕಂಡದ್ದು ಬೇರೆ. ಯಾವಾಗಲೂ ಮೇಲಿನ ಗೂಡಿನಲ್ಲಿ, ಸ್ಟೂಲು ಹತ್ತಿದರೆ ಮಾತ್ರ ಸಿಗುತ್ತಿದ್ದ ಅಡುಗೆ ಸೋಡಾದ ಡಬ್ಬಿ ಅಂದು ಒಲೆಯ ಪಕ್ಕದಲ್ಲೇ ಇತ್ತು. ನನ್ನ ದೈವ ಎಂದುಕೊಂಡೆ. ಅವ್ವ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೊತ್ತಂಬರಿ ಸೋಸುತ್ತಿದ್ದಳು. ನೂರು ಬೀಜದಲ್ಲಿ ಒಂದು ಬೀಜ ಹೆಚ್ಚು ಎಣಿಸಿದರೂ ರಾತ್ರಿ ನಿದ್ದೆ ಬರದಿದ್ದ ನಾನು, ಒಂದು ದೊಡ್ಡ ಚಿಟಿಕೆ ಸೋಡಾ ತೆಗೆದು ಮೈಸೂರಿನ ಪಾತ್ರೆಗೆ ಹಾಕಿದೆ. ಬುಸ್ಸೆಂದು ನೊರೆ ಎದ್ದಿತು. ಉಫ್ ಉಫ್ ಎಂದು ಊದಿ ಅದನ್ನು ಕೂರಿಸಿ, ತಲೆ ಎತ್ತುವಾಗ ಪುಣೆಯ ಪಾತ್ರೆಯ ಮೇಲೆ ಕಣ್ಣು ಬಿತ್ತು. ಅದರಲ್ಲಿ ದುಂಡು ದುಂಡಗೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು.

ಎಣ್ಣೆ ಹಾಕಿದರೆ ಬೇಳೆ ಬೇಗ ಬೇಯುತ್ತದೆಂದು ನನಗೆ ಕಲಿಸಿದವಳು ಅವ್ವನೇ. ಅವಳ ಬೆನ್ನನ್ನು ನೋಡಿದೆ. ಕೊತ್ತಂಬರಿ ಯಾವಾಗಲೋ ಮುಗಿದಿತ್ತು, ಅವಳು ಬರೀ ದಂಟು ಸೋಸುತ್ತಿದ್ದಳು. ಅವಳು ನನ್ನನ್ನು ನೋಡಿದ್ದಳೋ ಇಲ್ಲವೋ ಗೊತ್ತಿಲ್ಲ. ನೋಡಿದ್ದರೂ ಹೇಳುವಂತಿರಲಿಲ್ಲ. ನಾನೂ ಹೇಳುವಂತಿರಲಿಲ್ಲ. ತಾಯಿ ಮಗಳು ಅಷ್ಟು ಒಗ್ಗಟ್ಟಾಗಿ ಸುಮ್ಮನಿದ್ದದ್ದು ಅದೊಂದೇ ದಿನ.

ಮೈಸೂರು ಮೊದಲು ಬೆಂದಿತು. ಸ್ವಲ್ಪ ಹಿಂದೆ ಪುಣೆ. ಬೈಲಹೊಂಗಲ ಇನ್ನೂ ಕುದಿಯುತ್ತಲೇ ಇತ್ತು. ಆಯಿ ಬಂದು ಮೈಸೂರಿನ ಪಾತ್ರೆಯಿಂದ ನಾಲ್ಕು ಕಾಳು ತೆಗೆದು, ಹೆಬ್ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದಳು. ಸೋಡಾ ಬಿದ್ದ ಬೇಳೆಯ ಬಣ್ಣ ಬೇರೆ, ಜಾರುವ ರೀತಿ ಬೇರೆ, ವಾಸನೆಯಂತೂ ಸಾಬೂನಿನ ನೆಂಟ. ಅರವತ್ತು ವರ್ಷ ಬೇಳೆ ಬೇಯಿಸಿದ ಕೈಗೆ ಅದು ತಿಳಿಯದಿದ್ದೀತೆ? ಆದರೆ ಆಗ ನಾನು, ತಿಳಿಯಲಿಲ್ಲ ಎಂದೇ ನಂಬಿದೆ. ನಂಬಲೇಬೇಕಾಗಿತ್ತು.

“ಮೈಸೂರ ನೀರು ಛಲೋ ಅದಾವ. ಹುಡುಗಿ ಅಲ್ಲೇ ಹೋಗಲಿ,” ಎಂದಳು ಆಯಿ. ಪುಣೆಯ ಪಾತ್ರೆಯನ್ನು ಬಗ್ಗಿ ನೋಡಿ, ಅವ್ವನ ಕಡೆ ತಿರುಗಿ, “ಪುಣೆದಾಗ ಹೊಳಿತುಂಬ ಎಣ್ಣಿ ಹರೀತೈತೇನಬೇ?” ಎಂದು ಕೇಳಿದಳು.

ಅವ್ವ ಕೊತ್ತಂಬರಿ ದಂಟನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಹೀಗೆ ನಾನು ಮೈಸೂರಿಗೆ ಬಂದೆ. ಯಾರೂ ಅಲ್ಲದವಳಾಗಿ ಇದ್ದೆ, ಎರಡು ವರ್ಷ. ಆಮೇಲೆ ಹೂವಿನವಳಿಗೆ ನಾನು ‘ಬೈಲಹೊಂಗಲದ ಮೇಡಂ’ ಆದೆ. ಹಾಲಿನವನಿಗೆ ನನ್ನ ಅವ್ವನ ಮೊಣಕಾಲು ನೋವಿನ ವಿವರ ಗೊತ್ತಾಯಿತು. ಈಗ ಈ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಏಳು ಜನ ಮಾತಾಡಿಸುತ್ತಾರೆ. ಆದರೂ ಬಂದ ದಿನದಿಂದ ಒಂದು ಕಾಳು ಮನಸ್ಸಿನ ತಳದಲ್ಲಿ ಗಟ್ಟಿಯಾಗಿ ಉಳಿದಿತ್ತು. ನಾನು ಈ ಊರನ್ನು ಆರಿಸಿಕೊಳ್ಳಲಿಲ್ಲ, ಕದ್ದೆ ಎಂದು. ಬಾಯಿ ಬಿಟ್ಟು ಕೇಳದೆ, ಮುದುಕಿಯ ಕಣ್ಣಿಗೆ ಮಣ್ಣೆರಚಿ ತೆಗೆದುಕೊಂಡೆ ಎಂದು. ಕದ್ದದ್ದನ್ನು ಬಿಟ್ಟು ಹೋಗುವುದು ಇನ್ನೂ ಕಷ್ಟ. ಪುಣೆಗೆ ಬರಲಾರೆ ಎಂದು ಮೂರು ಕರಡು ಬರೆದದ್ದಕ್ಕೆ ಬಹುಶಃ ಇದೇ ‘ವೈಯಕ್ತಿಕ ಕಾರಣ’ ಇದ್ದೀತು.

ಇವತ್ತು ಮಧ್ಯಾಹ್ನ ಆ ಅರೆಬೆಂದ ಬೇಳೆಯ ಸಾರನ್ನೇ ಬಡಿಸಿದೆ. ಕಾಕಾ ಮೊದಲ ತುತ್ತಿಗೇ ಮತ್ತೆ ನಕ್ಕರು.

“ಮುಂಜಾನಿಂದ ಯಾಕ ನಗಾಕತ್ತೀರಿ ಕಾಕಾ? ಹೇಳ್ರಿ.”

“ಹೇಳಾಕ ಬರೂದಿಲ್ಲವಾ. ಆಯಿ ಆಣಿ ಹಾಕ್ಯಾಳ.”

“ಆಯಿ ಹೋಗಿ ಮೂರ ವರ್ಷ ಆತು.”

ಕಾಕಾ ತುತ್ತು ಹಿಡಿದೇ ಸ್ವಲ್ಪ ಹೊತ್ತು ಯೋಚಿಸಿದರು. “ಹೌದಲ್ಲ. ಹಂಗಾರ ಹೇಳಬಹುದು,” ಎಂದರು. “ಅವತ್ತ ನಾ ಪುಣೆ ನೀರು ತುಂಬಕೊಂಡಿದ್ನೆವಾ, ಖರೇನ. ಸಾತಾರಾ ದಾಟಿದ ಮ್ಯಾಲ ನೀರಡಿಕಿ ಆತು.”

“ಕುಡದ್ರಿ?”

“ಕುಡದ್ನಿ. ಬಾಳ ಛಲೋ ಇದ್ದುವು.”

“ಮೈಸೂರಿನ ಬಾಟ್ಲಿ?”

“ಆ ಬಸ್ಸು ನಾ ಮುಟ್ಟೂದ್ರಾಗ ಕಿತ್ತೂರು ದಾಟಿ ಹೋಗಿತ್ತು. ಬರಿಗೈಲೆ ಬಂದ್ರ ನೀ ಬಿಡತಿದ್ದೇನು? ಅಲ್ಲೇ ಹೋಟೆಲ್ ನಳದಾಗ ಎರಡೂ ಬಾಟ್ಲಿ ತುಂಬಿದ್ನಿ. ಮೈಸೂರಂದೂ ಕಿತ್ತೂರ ನೀರು, ಪುಣೆದೂ ಕಿತ್ತೂರ ನೀರು. ನಿನ್ನ ಚೀಟಿ ಮಾತ್ರ ಅದಲು ಬದಲು ಮಾಡ್ಲಿಲ್ಲ ನೋಡು.”

“ಆಯಿಗೆ ಗೊತ್ತಿತ್ತೇನು?”

“ಅಕೀ ಮುಂದ ಸುಳ್ಳ ಹೇಳಾಕ ಆಗತಿತ್ತೇನು? ಹಿತ್ತಲದಾಗ ಎಲ್ಲಾ ಹೇಳಿದ್ನಿ. ಬೈತಾಳ ಅಂತ ಮಾಡಿದ್ನಿ, ನಕ್ಕಳು. ‘ಛಲೋನ ಆತು ತಗೋ. ಎರಡೂ ಒಂದ ನೀರಂದ್ರ, ಹೆಚ್ಚುಕಡಿಮಿ ಆದ್ರ ಅದು ಮಂದಿ ಕೈಯಿಂದನ ಆಗಬೇಕು. ಆ ಹುಡುಗಿ ಬಾಯಿ ಬಿಡವಲ್ದು. ಕೈಯಾದರೂ ಎತ್ತಾಗ ಹೋಗತೈತಿ ನೋಡೂಣು’ ಅಂದ್ಲು.”

ಕಾಕಾ ಕೈತೊಳೆದುಕೊಂಡು ಮಲಗಲು ಹೋದರು. ನಾನು ಒಣಗಿದ ಕೈಯನ್ನು ನೋಡುತ್ತಾ ಕುಳಿತೆ.

ಆದರೆ ಕಾಕಾ ಕತೆ ಕಟ್ಟುವುದರಲ್ಲಿ ಹುಷಾರು. ಒಗ್ಗರಣೆ ಇಲ್ಲದೆ ಯಾವ ಸಂಗತಿಯನ್ನೂ ಅವರು ಬಡಿಸಿದವರಲ್ಲ. ಸಾಕ್ಷಿ ಬೇಕಿತ್ತು. ಹಳೆಯ ಡೈರಿಗಳ ಪೆಟ್ಟಿಗೆ ತೆಗೆದೆ. ಡೈರಿಯನ್ನು ನಂಬಬೇಡಿ ಎಂದಿದ್ದೆನಲ್ಲ, ಕಾರಣ ಇಷ್ಟೇ: ಆ ವರ್ಷಗಳಲ್ಲಿ ಅವ್ವ ಅದನ್ನು ಓದುತ್ತಿದ್ದಳು. ಓದಿ ತಲೆಕೆಳಗಾಗಿ ಇಡುತ್ತಿದ್ದಳು. ಅದು ತಿಳಿದ ಮೇಲೆ ನಾನು ಅವಳಿಗೆಂದೇ ಬರೆಯುತ್ತಿದ್ದೆ. ಆ ರವಿವಾರದ ಪುಟದಲ್ಲಿ ಮೂರೇ ವಾಕ್ಯಗಳಿವೆ: ‘ಇವತ್ತು ಬೇಳೆಯ ಪರೀಕ್ಷೆ ಆಯಿತು. ನಾನು ಏನೂ ಮಾಡಲಿಲ್ಲ. ಆಯಿ ಮೆಣಸಿನಕಾಯಿ ಭಜಿ ಮಾಡುತ್ತೇನೆಂದು ಮುಂಜಾನೆಯೇ ಸ್ಟೂಲು ಹತ್ತಿ ಸೋಡಾ ಡಬ್ಬಿ ಇಳಿಸಿಟ್ಟವಳು ಕಡೆಗೆ ಭಜಿ ಮಾಡಲೇ ಇಲ್ಲ.’

ಎರಡನೆಯ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಎಳೆಯಬೇಕಾಗಿದ್ದದ್ದು ಮೂರನೆಯದರ ಕೆಳಗೆ.

ಮೊಣಕಾಲು ಹಿಡಿದುಕೊಂಡು ಆಯಿ ಆ ವಯಸ್ಸಿನಲ್ಲಿ ಸ್ಟೂಲು ಹತ್ತಿದ್ದಾಳೆ. ನಾನು ಮೂರು ಪಾತ್ರೆ ಇಟ್ಟು, ಅಳತೆ ಮಾಡಿ, ಚೀಟಿ ಅಂಟಿಸಿ ನೀರನ್ನು ಪರೀಕ್ಷಿಸುತ್ತಿದ್ದಾಗ, ಅದೇ ಒಲೆಯ ಮೇಲೆ ಅವಳು ನನ್ನನ್ನು ಇಟ್ಟಿದ್ದಳು. ನಾನು ಕದ್ದೆ ಎಂದುಕೊಂಡದ್ದನ್ನು ಅವಳು ಡಬ್ಬಿ ಸಮೇತ ಕೈಗೆಟಕುವಂತೆ ಇಟ್ಟು, ಪೂಜೆಗೆ ಎದ್ದು ಹೋಗಿದ್ದಳು. ಹನ್ನೊಂದು ವರ್ಷ ತಳದಲ್ಲಿ ಉಳಿದಿದ್ದ ಕಾಳು ಅಲ್ಲೇ, ಪೆಟ್ಟಿಗೆಯ ಮುಂದೆ, ಮೆತ್ತಗಾಯಿತು.

ಸಂಜೆ ಅಡುಗೆಮನೆಗೆ ಹೋದೆ. ಮಾಡಿದ್ದನ್ನು ಹೇಳಲು ನಾಚಿಕೆ, ಆದರೂ ಇಲ್ಲಿಯವರೆಗೆ ಬಂದಿದ್ದೀರಿ, ಹೇಳುತ್ತೇನೆ. ಒಂದೇ ಅಳತೆಯ ಎರಡು ಪಾತ್ರೆ ತೆಗೆದುಕೊಂಡು, ಎರಡಕ್ಕೂ ಅದೇ ಟ್ಯಾಂಕರ್ ನೀರು ಹಾಕಿ, ಒಂದೊಂದು ಹಿಡಿ ಬೇಳೆ ಹಾಕಿದೆ. ಒಂದಕ್ಕೆ ಮೈಸೂರು ಎಂದು ಚೀಟಿ ಅಂಟಿಸಿದೆ, ಇನ್ನೊಂದಕ್ಕೆ ಪುಣೆ ಎಂದು. ಸೋಡಾ ಡಬ್ಬಿಯನ್ನು ನಡುವೆ ಇಟ್ಟು, ಮುಚ್ಚಳ ತೆಗೆದು, ಒಂದು ಚಿಟಿಕೆ ತೆಗೆದುಕೊಂಡು ನಿಂತೆ. ಉತ್ತರ ನನಗೆ ಗೊತ್ತಿತ್ತು. ಮೂರು ಕರಡಿನಲ್ಲಿ ಬರೆದೂ ಆಗಿತ್ತು.

ಕೈ ಪುಣೆಯ ಪಾತ್ರೆಗೆ ಹೋಯಿತು.

ಒಂದಿಷ್ಟೂ ತಡವರಿಸಲಿಲ್ಲ. ಅಲ್ಲಿಯ ಯಾವುದೋ ಬೀದಿಯಲ್ಲಿ, ಹೂವಿನವಳಿಗೂ ಹಾಲಿನವನಿಗೂ ನಾನು ಇನ್ನೂ ಯಾರೂ ಅಲ್ಲ ಎಂಬುದು ಬೆರಳಿಗೆ ನನಗಿಂತ ಮೊದಲೇ ತಿಳಿದಿತ್ತು. ನಾನು ಬಂದ ಸುದ್ದಿಯನ್ನು ಮಾವಶಿಗೆ ಒಂದು ತಿಂಗಳು ತಡವಾಗಿ ಹೇಳಿದರಾಯಿತು.

“ಬ್ಯಾಳಿ ಬೆಂತೇನವಾ?” ಎಂದು ಎಚ್ಚರವಾದ ಕಾಕಾ ಒಳಗಿನಿಂದ ಕೂಗಿದರು.

“ಇನ್ನೂ ಒಲಿ ಹಚ್ಚಿಲ್ಲ ಕಾಕಾ.”

“ಮತ್ತ ಇಷ್ಟೊತ್ತು ಏನ ಮಾಡಾಕತ್ತಿ?”

“ಪುಣೆಕ್ಕ ಬರತೇನಿ ಅಂತ ಪತ್ರ ಬರಿಯಾಕತ್ತೇನಿ.”

ನಾನು ಎಣ್ಣೆಯ ಮಿಳ್ಳಿ ಎತ್ತಿಕೊಂಡು, ಪುಣೆಯ ಪಾತ್ರೆಗೆ ಅವ್ವನ ಪಾಲಿನದೂ ಒಂದು ಹನಿ ಬಿಟ್ಟು, ಒಲೆ ಹೊತ್ತಿಸಿದೆ.